650 ಪದಗಳಲ್ಲಿ ‘ನಾನು’



ದತ್ತಿ ಉಪನ್ಯಾಸವೆಂದರೆ ಕವಿಯೊಬ್ಬರ ಕೃತಿಯನ್ನೋ ಸಾಹಿತ್ಯದ ಒಂದು ಘಟ್ಟವನ್ನೋ ಎತ್ತಿಕೊಳ್ಳುವುದು ವಾಡಿಕೆ. ನಾನು ಇವತ್ತು ಎತ್ತಿಕೊಂಡಿರುವುದು, ಹದಿನೇಳು ಹದಿನೆಂಟು ವರ್ಷದ ಮಕ್ಕಳು ಹೊರದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ ತಮ್ಮ ಬಗ್ಗೆ ತಾವೇ ಬರೆಯಬೇಕಾದ ಒಂದು ಪುಟದ ಪ್ರಬಂಧವನ್ನು. ಸಾಹಿತ್ಯದ ವೇದಿಕೆಗೆ ಇದು ಹೊಂದುತ್ತದೆಯೇ ಎಂಬ ಅನುಮಾನ ಕೆಲವರಿಗೆ ಬಂದಿರಬಹುದು. ಹೊಂದುತ್ತದೆ ಎಂದೇ ನನ್ನ ನಂಬಿಕೆ. ಆ ಬರಹ ನಮ್ಮ ಲಲಿತ ಪ್ರಬಂಧಕ್ಕೆ ಹತ್ತಿರದ ಸಂಬಂಧಿ. ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’, ಗೊರೂರರ ‘ಹಳ್ಳಿಯ ಚಿತ್ರಗಳು’, ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಇರುವ ಭಾಷೆಯ ಮಕ್ಕಳು, ನಿನ್ನ ಬಗ್ಗೆ ಬರೆ ಎಂದು ಯಾರಾದರೂ ಕೇಳಿದ ಕೂಡಲೇ ಪೆನ್ನು ಕೆಳಗಿಟ್ಟು ಕೂರುತ್ತಾರೆ ಎಂದರೆ, ಅದನ್ನು ಇಂಥ ವೇದಿಕೆಯಲ್ಲಲ್ಲದೆ ಇನ್ನೆಲ್ಲಿ ಚರ್ಚಿಸಬೇಕು?

ನಮ್ಮಲ್ಲಿ ಪ್ರವೇಶವೆಂದರೆ ಅಂಕ, ಇಲ್ಲವೇ ರ‍್ಯಾಂಕ್. ಸಿಇಟಿ, ನೀಟ್, ಜೆಇಇ ಬರೆಯುತ್ತಾರೆ, ಫಲಿತಾಂಶ ಬರುತ್ತದೆ, ಆಪ್ಷನ್ ಎಂಟ್ರಿ ಮಾಡುತ್ತಾರೆ, ಸೀಟು ಸಿಗುತ್ತದೆ ಅಥವಾ ಸಿಗುವುದಿಲ್ಲ. ಈ ಇಡೀ ದಾರಿಯಲ್ಲಿ ನೀನು ಯಾರಪ್ಪ, ನಿನ್ನ ತಲೆಯಲ್ಲಿ ಏನು ಓಡುತ್ತಿದೆ ಎಂದು ಯಾರೂ ಕೇಳುವುದಿಲ್ಲ. ಇದಕ್ಕೆ ತನ್ನದೇ ಒಂದು ನ್ಯಾಯವಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ರಾಯಚೂರಿನ ಹಳ್ಳಿಯ ಹುಡುಗನ ಉತ್ತರಪತ್ರಿಕೆಯನ್ನು ತಿದ್ದುವವರಿಗೆ ಅವನ ಊರು, ಜಾತಿ, ಇಂಗ್ಲಿಷಿನ ಉಚ್ಚಾರ ಯಾವುದೂ ಕಾಣುವುದಿಲ್ಲ. ಆದರೆ ಹಾಗೆ ಬೆಳೆದ ಮಗು ಅಮೆರಿಕದ ಕಾಲೇಜಿಗೆ ಅರ್ಜಿ ತುಂಬುತ್ತಾ, ಅಂಕಗಳ ಪುಟ ಮುಗಿಸಿ ಮುಂದಿನ ಪುಟಕ್ಕೆ ಬಂದಾಗ, ಅಲ್ಲಿ ಖಾಲಿ ಚೌಕವೊಂದು ಕಾಯುತ್ತಿರುತ್ತದೆ.

ಆ ಚೌಕದ ಲೆಕ್ಕಾಚಾರ ಮೊದಲು ತಿಳಿಸಿಬಿಡುತ್ತೇನೆ. ಅಮೆರಿಕದಲ್ಲಿ 1975ರಲ್ಲಿ 15 ಕಾಲೇಜುಗಳು ಸೇರಿ ಒಂದೇ ಅರ್ಜಿ ನಮೂನೆ ಮಾಡಿಕೊಂಡವು. ಕಾಮನ್ ಆ್ಯಪ್ ಎಂದು ಕರೆಯುವ ಆ ನಮೂನೆಯನ್ನು ಈಗ ಸಾವಿರಕ್ಕೂ ಹೆಚ್ಚು ಕಾಲೇಜುಗಳು ಒಪ್ಪುತ್ತವೆ. ಅದರಲ್ಲಿ ಏಳು ವಿಷಯ ಕೊಟ್ಟಿರುತ್ತಾರೆ, ಒಂದನ್ನು ಆರಿಸಿಕೊಂಡು 250ರಿಂದ 650 ಪದಗಳಲ್ಲಿ ಬರೆಯಬೇಕು. ಎದುರಾದ ಅಡ್ಡಿ, ಪ್ರಶ್ನಿಸಿದ ನಂಬಿಕೆ, ಹೊತ್ತು ಹೋದದ್ದೇ ತಿಳಿಯದಂತೆ ಸೆಳೆದ ವಿಷಯ, ಹೀಗೆ. ಏಳನೆಯದು ನಿಮ್ಮ ಇಷ್ಟದ ಯಾವುದೇ ವಿಷಯ, ಹಾಗಾಗಿ ಉಳಿದ ಆರು ಬರೀ ನೆಪ ಎನ್ನಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪದ್ಧತಿ ಬೇರೆ. ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ತಲಾ 350 ಪದ ಮೀರದಂತೆ ಉತ್ತರ ಬರೆಯಬೇಕು. ಬ್ರಿಟನ್ನಿನದು ಇನ್ನೂ ಬೇರೆ. ಅಲ್ಲಿ ಯುಕಾಸ್ ಎಂಬ ಸಂಸ್ಥೆಯ ಮೂಲಕ ಹೋಗುವ ಬರಹಕ್ಕೆ ಪದಗಳ ಲೆಕ್ಕವಿಲ್ಲ, ಖಾಲಿ ಜಾಗವೂ ಸೇರಿ 4000 ಅಕ್ಷರಗಳ ಮಿತಿ. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ: ಈ ವಿಷಯವನ್ನೇ ಏಕೆ ಓದಬೇಕು, ಈವರೆಗಿನ ಓದು ನಿನ್ನನ್ನು ಹೇಗೆ ಸಿದ್ಧಪಡಿಸಿದೆ, ಶಾಲೆಯ ಹೊರಗೆ ಏನು ಮಾಡಿದ್ದೀಯ.

ಅಮೆರಿಕದವರು ಮನುಷ್ಯನನ್ನು ಕೇಳುತ್ತಾರೆ, ಬ್ರಿಟನ್ನಿನವರು ವಿಷಯವನ್ನು ಕೇಳುತ್ತಾರೆ ಎಂದು ಸ್ಥೂಲವಾಗಿ ಹೇಳಬಹುದು. ಲಂಡನ್ನಿನಲ್ಲಿ ಅರ್ಥಶಾಸ್ತ್ರ ಓದಲು ಹೊರಟವರು ಅಜ್ಜಿಯ ಊರಿನ ಜಾತ್ರೆಯನ್ನು ವರ್ಣಿಸುತ್ತಾ ಕೂತರೆ ಓದುವ ಅಧ್ಯಾಪಕರು ಪುಟ ಮಗುಚುತ್ತಾರೆ. ಆ ಜಾತ್ರೆಯಲ್ಲಿ ಬಳೆಯಂಗಡಿಯವರು ಸಂಜೆಯಾಗುತ್ತಿದ್ದಂತೆ ಬೆಲೆ ಇಳಿಸುವುದನ್ನು ನೋಡಿ, ಅದರ ಕಾರಣ ಹುಡುಕಿ, ಒಂದು ಪುಸ್ತಕ ಓದಿದ್ದರೆ ನಿಂತು ಓದುತ್ತಾರೆ. ಎಂಎಸ್‌ಗೆ ಹೋಗುವವರು ಬರೆಯುವ ಎಸ್‌ಒಪಿ, ಅಂದರೆ ಓದಿನ ಉದ್ದೇಶ ತಿಳಿಸುವ ಬರಹವೂ ಇದೇ ಜಾತಿಯದು. ನಮ್ಮ ಎಂಜಿನಿಯರಿಂಗ್ ಪದವೀಧರರ ಎಸ್‌ಒಪಿಗಳಲ್ಲಿ ‘ಬಾಲ್ಯದಿಂದಲೂ ನನಗೆ ಕಂಪ್ಯೂಟರ್ ಎಂದರೆ ಪ್ರೀತಿ’ ಎಂಬ ಸಾಲು ಎಷ್ಟು ಸಲ ಬರುತ್ತದೆಂದರೆ, ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಅಂತಿಮ ವರ್ಷದ ಪ್ರಾಜೆಕ್ಟಿನಲ್ಲಿ ಯಾವುದು ಕೈಕೊಟ್ಟಿತು, ಏಕೆ, ಅದನ್ನು ಬಿಡಿಸಲು ಈ ವಿಭಾಗದ ಯಾವ ಅಧ್ಯಾಪಕರ ಕೆಲಸ ನೆರವಾಗುತ್ತದೆ ಎಂಬ ಒಂದು ಪ್ಯಾರಾ ಅಲ್ಲಿ ಹೆಚ್ಚು ಬೆಲೆಬಾಳುತ್ತದೆ. ನಾನು ಇವತ್ತು ಮುಖ್ಯವಾಗಿ ಮಾತಾಡಲಿರುವುದು ಅದರ ಬಗ್ಗೆಯಲ್ಲ, ಪದವಿಗೆ ಸೇರುವ ಹದಿಹರೆಯದವರ ಪ್ರಬಂಧದ ಬಗ್ಗೆ.

ಈ ಪ್ರಬಂಧದ ಹುಟ್ಟನ್ನು ತಿಳಿದುಕೊಂಡೇ ಬರೆಯಬೇಕು ಎಂಬುದು ನನ್ನ ಹಟ. ವಿದ್ಯಾರ್ಥಿಯ ‘ವ್ಯಕ್ತಿತ್ವ’ವನ್ನು ಅಳೆಯುವ ಪದ್ಧತಿ ಅಮೆರಿಕದಲ್ಲಿ ಉದಾರ ಮನಸ್ಸಿನಿಂದ ಹುಟ್ಟಿದ್ದಲ್ಲ. 1920ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಪರೀಕ್ಷೆ ಪಾಸು ಮಾಡಿ ಬರುತ್ತಿದ್ದ ಯಹೂದಿ ವಿದ್ಯಾರ್ಥಿಗಳ ಪ್ರಮಾಣ ಐದನೇ ಒಂದು ಭಾಗವನ್ನು ದಾಟಿದಾಗ, ಅಲ್ಲಿನ ಅಧ್ಯಕ್ಷ ಲಾರೆನ್ಸ್ ಲೊವೆಲ್ ಅದನ್ನು ತಗ್ಗಿಸಲು ಹೊರಟರು. ನೇರವಾಗಿ ಮಿತಿ ಹೇರುವುದಕ್ಕೆ ಅಧ್ಯಾಪಕರು ಒಪ್ಪಲಿಲ್ಲ. ಆಗ ಅರ್ಜಿಯಲ್ಲಿ ಹೊಸ ಪ್ರಶ್ನೆಗಳು ಕಾಣಿಸಿಕೊಂಡವು. ತಂದೆ ಎಲ್ಲಿ ಹುಟ್ಟಿದವರು, ಮನೆತನದ ಹೆಸರನ್ನು ಏನಾದರೂ ಬದಲಾಯಿಸಿಕೊಂಡಿದ್ದಾರೆಯೇ? ಮುಂದೆ ಭಾವಚಿತ್ರ ಬಂತು, ನಡತೆ ಮತ್ತು ವ್ಯಕ್ತಿತ್ವಕ್ಕೆ ತೂಕ ಬಂತು. ಅಂಕದಲ್ಲಿ ಗೆದ್ದವರನ್ನು ‘ವ್ಯಕ್ತಿತ್ವ’ದಲ್ಲಿ ಸೋಲಿಸುವ ದಾರಿ ಅದು. ಜೆರೋಮ್ ಕ್ಯಾರಬೆಲ್ ಎಂಬ ಸಮಾಜಶಾಸ್ತ್ರಜ್ಞರು 2005ರಲ್ಲಿ ‘ದಿ ಚೋಸನ್’ ಎಂಬ ದೊಡ್ಡ ಗ್ರಂಥದಲ್ಲಿ ಇದನ್ನೆಲ್ಲ ದಾಖಲೆ ಸಮೇತ ಬಿಚ್ಚಿಟ್ಟಿದ್ದಾರೆ. ನೀನು ಯಾರು ಎಂಬ ಪ್ರಶ್ನೆಯ ಹಿಂದೆ ನೀನು ಯಾವ ಪೈಕಿ ಎಂಬ ಪ್ರಶ್ನೆ ಅಡಗಿರುತ್ತದೆ ಎಂಬುದು ನಮ್ಮ ದೇಶದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ನೂರು ವರ್ಷದಲ್ಲಿ ಅದೇ ಪ್ರಬಂಧಕ್ಕೆ ಇನ್ನೊಂದು ಕೆಲಸವೂ ಬಿದ್ದಿದೆ. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್, ಹಾರ್ವರ್ಡ್ ಮತ್ತು ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯಗಳು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದು ಸಲ್ಲದೆಂದು ತೀರ್ಪು ಕೊಟ್ಟಿತು. ಆ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಕೊನೆಯಲ್ಲಿ ಒಂದು ಕಿಂಡಿ ಬಿಟ್ಟರು. ಜನಾಂಗದ ಕಾರಣಕ್ಕೆ ತನ್ನ ಬದುಕಿನಲ್ಲಿ ಏನಾಯಿತೆಂದು ವಿದ್ಯಾರ್ಥಿ ತಾನೇ ಬರೆದರೆ, ಅದನ್ನು ಓದಿ ಪರಿಗಣಿಸಲು ಅಡ್ಡಿಯಿಲ್ಲ ಎಂದರು. ಕಾನೂನು ತೆಗೆದುಹಾಕಿದ್ದನ್ನು ಹದಿನೇಳರ ಮಗುವೊಂದು 650 ಪದಗಳಲ್ಲಿ ಹೊತ್ತು ತರಬೇಕಾಯಿತು. ಇದು ಮಕ್ಕಳ ಮೇಲೆ ಹೊರಿಸಿದ ಅತಿಯಾದ ಭಾರ ಎಂದು ನಾನು ಭಾವಿಸುತ್ತೇನೆ.

ಇನ್ನು ನಮ್ಮ ಮಕ್ಕಳ ಕಡೆಗೆ ಬರೋಣ. ಅವರು ಶಾಲೆಯಲ್ಲಿ ಪ್ರಬಂಧ ಬರೆದಿಲ್ಲವೆಂದಲ್ಲ. ಪ್ರತಿ ಪರೀಕ್ಷೆಯಲ್ಲೂ ಬರೆದಿದ್ದಾರೆ. ‘ರಾಷ್ಟ್ರೀಯ ಹಬ್ಬಗಳ ಮಹತ್ವ’, ‘ಗ್ರಂಥಾಲಯದ ಉಪಯೋಗಗಳು’, ‘ಸಾಮಾಜಿಕ ಪಿಡುಗುಗಳು’. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಅಡಿಗೆರೆ ಎಳೆದು ಮೂರು ಭಾಗ ಮಾಡಿದರೆ ಪೂರ್ತಿ ಅಂಕ. ಗ್ರಂಥಾಲಯದ ಮೇಲೆ ಪ್ರಬಂಧ ಬರೆದ ಹುಡುಗಿ ತನ್ನ ಊರಿನ ಪಂಚಾಯಿತಿ ಗ್ರಂಥಾಲಯದ ಒಳಗೆ ಕಾಲಿಟ್ಟಿದ್ದಾಳೆಯೇ, ಅಲ್ಲಿನ ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದು ಎಲ್ಲಿಯೂ ಬರುವುದಿಲ್ಲ, ಬಂದರೆ ವಿಷಯಾಂತರ ಎಂದು ಕೆಂಪು ಗೆರೆ ಬೀಳುತ್ತದೆ. ಹತ್ತು ವರ್ಷ ಹೀಗೆ ಬರೆದವರಿಗೆ ‘ನಾನು’ ಎಂದು ಶುರುಮಾಡುವ ವಾಕ್ಯವೇ ಅವಿಧೇಯತೆಯಂತೆ ಕಾಣುತ್ತದೆ. ಮನೆಯಲ್ಲೂ ಅದೇ ಪಾಠ. ನಾನು, ನಾನು ಎನ್ನಬೇಡ, ಕೊಚ್ಚಿಕೊಳ್ಳಬೇಡ. ಈ ವಿನಯ ಒಳ್ಳೆಯದೇ. ಆದರೆ ತನ್ನ ಬಗ್ಗೆ ಬರೆಯುವುದಕ್ಕೂ ತನ್ನನ್ನು ಹೊಗಳಿಕೊಳ್ಳುವುದಕ್ಕೂ ನಡುವೆ ಎಷ್ಟು ಅಂತರವಿದೆಯೆಂದು ಮೂರ್ತಿರಾಯರನ್ನು ಓದಿದವರಿಗೆ ಗೊತ್ತು. ಅವರ ಪ್ರಬಂಧಗಳಲ್ಲಿ ‘ನಾನು’ ಪುಟಪುಟಕ್ಕೂ ಇದ್ದಾನೆ, ಎಲ್ಲಿಯೂ ಜಂಬ ಕೊಚ್ಚುವುದಿಲ್ಲ. ಲೋಕವನ್ನು ನೋಡುವ ಕಣ್ಣಾಗಿ ಆತ ಇದ್ದಾನೆ.

ಪ್ರವೇಶ ಪ್ರಬಂಧ ಕೇಳುವುದೂ ಆ ಕಣ್ಣನ್ನೇ. ಇದೇ ನಾನು ಇವತ್ತು ಹೇಳಬೇಕೆಂದು ಬಂದ ಮಾತು. ಸಾಧನೆಯ ಪಟ್ಟಿಗೆ ಅರ್ಜಿಯಲ್ಲಿ ಬೇರೆ ಜಾಗವಿದೆ. ಪದಕ, ಶೀಲ್ಡ್, ಎನ್‌ಸಿಸಿ, ಎನ್‌ಎಸ್‌ಎಸ್ ಎಲ್ಲವನ್ನೂ ಅಲ್ಲಿ ಬರೆದಾಗಿರುತ್ತದೆ. ಈ ಮಗು ಒಂದು ಸಂಗತಿಯ ಮುಂದೆ ಎಷ್ಟು ಹೊತ್ತು ನಿಲ್ಲಬಲ್ಲದು, ನಿಂತಾಗ ಏನು ಕಾಣುತ್ತದೆ, ಕಂಡದ್ದರಿಂದ ಯಾವ ಪ್ರಶ್ನೆ ಏಳುತ್ತದೆ, ಇದನ್ನು ತಿಳಿಯಲು ಅವರಿಗೆ ಬೇರೆ ದಾರಿಯಿಲ್ಲ.

ಒಂದು ಉದಾಹರಣೆಯನ್ನು ಕೊಂಚ ವಿಸ್ತಾರವಾಗಿ ಕಟ್ಟಿ ತೋರಿಸುತ್ತೇನೆ. ಶಿರಸಿ ಸೀಮೆಯ ಒಬ್ಬಳು ಹುಡುಗಿ ಎಂದಿಟ್ಟುಕೊಳ್ಳಿ. ಎರಡು ಎಕರೆ ಅಡಿಕೆ ತೋಟ. ರಸಾಯನಶಾಸ್ತ್ರ ಓದಲು ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುತ್ತಿದ್ದಾಳೆ. ಅವಳ ಮೊದಲ ಕರಡು ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಪಶ್ಚಿಮ ಘಟ್ಟದ ಮಡಿಲಲ್ಲಿ ಹುಟ್ಟಿದೆ, ಪ್ರಕೃತಿ ನನ್ನ ಗುರು, ಬಡತನ ನನ್ನನ್ನು ಕುಗ್ಗಿಸಲಿಲ್ಲ, ರಸಾಯನಶಾಸ್ತ್ರದ ಮೂಲಕ ರೈತರ ಸೇವೆ ಮಾಡುವುದೇ ನನ್ನ ಗುರಿ. ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಇದನ್ನು ಯಾರು ಬೇಕಾದರೂ ಬರೆಯಬಹುದು, ತೋಟವನ್ನು ಕಾಣದವರೂ ಬರೆಯಬಹುದು.

ಇವಳನ್ನು ಕೂರಿಸಿಕೊಂಡು ಮಾತಾಡಿಸಿದರೆ ಬೇರೆಯದೇ ಹೊರಬರುತ್ತದೆ. ಮಳೆ ಹಿಡಿಯುವ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು. ಅಂಗಳದಲ್ಲಿ ಪ್ಲಾಸ್ಟಿಕ್ ಡ್ರಮ್ಮಿಟ್ಟು ಅಪ್ಪ ಬೋರ್ಡೋ ದ್ರಾವಣ ಕಲಸುತ್ತಾನೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಕಲಸಿ ಮುಗಿದ ಮೇಲೆ ಅಪ್ಪ ಉಜ್ಜಿ ಹೊಳಪು ಬಂದ ಕತ್ತಿಯೊಂದನ್ನು ಅದರಲ್ಲಿ ಅದ್ದಿ ಕೆಲವು ನಿಮಿಷ ಹಿಡಿಯುತ್ತಾನೆ. ಹೊರತೆಗೆದಾಗ ಅಲಗಿನ ಮೇಲೆ ಕೆಂಚು ಬಣ್ಣ ಕೂತಿದ್ದರೆ ‘ಸುಣ್ಣ ಸಾಲ್ದು’ ಎಂದು ಇನ್ನಷ್ಟು ಸುಣ್ಣದ ತಿಳಿ ಸುರಿಯುತ್ತಾನೆ. ಕತ್ತಿ ಹಾಗೇ ಹೊಳೆಯುತ್ತಿದ್ದರೆ ಕೊನೆಗೌಡ ಔಷಧಿ ಹೊಡೆಯಲು ಮರ ಹತ್ತಬಹುದು. ಹತ್ತನೇ ತರಗತಿಯಲ್ಲಿ ಮೇಷ್ಟ್ರು ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಳಿಬಿಟ್ಟು, ಅದು ಕಂದು ಬಣ್ಣಕ್ಕೆ ತಿರುಗಿದ್ದನ್ನು ತೋರಿಸಿ, ಕಬ್ಬಿಣವು ತಾಮ್ರವನ್ನು ಸ್ಥಾನಪಲ್ಲಟಗೊಳಿಸುತ್ತದೆ ಎಂದು ಬೋರ್ಡಿನ ಮೇಲೆ ಸಮೀಕರಣ ಬರೆದಾಗ, ಇವಳಿಗೆ ಅಪ್ಪನ ಕತ್ತಿ ನೆನಪಾಯಿತು. ಆರನೇ ಕ್ಲಾಸಿನವರೆಗೆ ಓದಿದ ಅಪ್ಪ ಅಂಗಳದಲ್ಲಿ ಮಾಡುತ್ತಿದ್ದದ್ದು ಇದೇ ಪರೀಕ್ಷೆ. ಸುಣ್ಣದ ಜೊತೆ ಕೂಡದೆ ಉಳಿದ ತಾಮ್ರ ಎಳೆಕಾಯಿಯನ್ನು ಸುಡುತ್ತದೆ, ಆ ಉಳಿದ ತಾಮ್ರವನ್ನು ಕತ್ತಿ ಹಿಡಿದುಕೊಡುತ್ತದೆ.

ಪ್ರಬಂಧ ಇಲ್ಲಿದೆ! ಇಲ್ಲಿಂದ ಅವಳು ಎಲ್ಲಿಗೆ ಬೇಕಾದರೂ ಹೋಗಬಹುದು. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ರೈತರು ಸುಣ್ಣ ಮೈಲುತುತ್ತ ಎರಚುತ್ತಿದ್ದುದನ್ನು, ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ತಗಲದಿದ್ದುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿದ, 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದ. ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ನಮ್ಮ ಕೊಳೆರೋಗದ ಬಗ್ಗೆ ಬರೆದು, ಇದೇ ದ್ರಾವಣವನ್ನು ಅಡಿಕೆಗೆ ತಂದರು. ಮಲೆನಾಡಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದ ಕಾಲ ಅದು. ಇಷ್ಟು ವರ್ಷ ಸುರಿದ ತಾಮ್ರ ತೋಟದ ಮಣ್ಣಿನಲ್ಲಿ ಏನಾಗಿದೆ ಎಂಬ ಪ್ರಶ್ನೆ ಅವಳಿಗೆ ಬಂದರೆ, ಅದಕ್ಕೆ ಅಪ್ಪನ ಹತ್ತಿರ ಉತ್ತರವಿಲ್ಲ, ಪಠ್ಯಪುಸ್ತಕದಲ್ಲೂ ಇಲ್ಲ. ಓದಲು ಹೊರಟಿರುವುದು ಅದಕ್ಕೇ. ‘ರೈತರ ಸೇವೆ’ ಎಂಬ ಮಾತನ್ನು ಅವಳು ಒಂದು ಸಲವೂ ಬರೆಯಬೇಕಾಗಿಲ್ಲ. ಓದುವವರಿಗೆ ಅವಳ ಮನೆ ಕಂಡಿತು, ಅಪ್ಪ ಕಂಡ, ಅವಳ ಬುದ್ಧಿ ಯಾವ ದಿಕ್ಕಿಗೆ ಓಡುತ್ತದೆಂಬುದು ಕಂಡಿತು, ಬಡತನ ಕೂಡ ಹೇಳದೆಯೇ ಕಂಡಿತು.

ಈ ಉದಾಹರಣೆಯಲ್ಲಿ ಗೆಲುವಿಲ್ಲ, ಸೋಲಿಲ್ಲ, ಅಪಘಾತವಿಲ್ಲ, ಯಾರೂ ತೀರಿಕೊಂಡಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಕಣ್ಣೀರು ಬರಿಸದಿದ್ದರೆ ಸೀಟಿಲ್ಲ ಎಂಬ ನಂಬಿಕೆ ಮಕ್ಕಳಲ್ಲಿ ಹರಡಿದೆ. ಅಜ್ಜನ ಸಾವನ್ನು, ಅಮ್ಮನ ಕಾಯಿಲೆಯನ್ನು, ಅಪ್ಪನ ಸಾಲವನ್ನು ಹುಡುಕಿ ತೆಗೆದು ಮಾರಾಟಕ್ಕಿಡುವಂತೆ ಅವರಿಗೆ ಕಲಿಸಲಾಗುತ್ತಿದೆ. ಇದು ನನಗೆ ಸಂಕಟ ಕೊಡುತ್ತದೆ. ನೋವನ್ನು ಬರೆಯಬಾರದು ಎಂದು ನಾನು ಹೇಳುವುದಿಲ್ಲ. ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯನ್ನು ನೆನೆಸಿಕೊಳ್ಳಿ. ಆರಂಭದಲ್ಲೇ ಬಾಲಕ ಕಾಣುವ ದೃಶ್ಯ: ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹೂಡಿ ಹೊಲ ಉಳುತ್ತಿದ್ದಾರೆ, ಆ ಇಬ್ಬರಲ್ಲಿ ಒಬ್ಬ ಅವನ ಅಪ್ಪ. ಲೇಖಕರು ಅಲ್ಲಿ ಅಳುವುದಿಲ್ಲ, ಅನುಕಂಪ ಬೇಡುವುದಿಲ್ಲ, ಓದುಗರಿಗೆ ಏನನ್ನಿಸಬೇಕೆಂದು ಹೇಳಿಕೊಡುವುದಿಲ್ಲ. ಕಂಡದ್ದನ್ನು ಹೇಳಿ ಮುಂದಕ್ಕೆ ಹೋಗುತ್ತಾರೆ, ಮುಂದಿನ ಪುಟದಲ್ಲಿ ನಗಿಸುತ್ತಾರೆ ಕೂಡ. ಆ ಪುಸ್ತಕದಲ್ಲಿ ಬರೆಯುವವನ ಘನತೆ ಒಂದು ಕ್ಷಣವೂ ಕುಂದುವುದಿಲ್ಲ. ನೋವನ್ನು ಬರೆಯಲೇಬೇಕಾದ ಮಕ್ಕಳಿಗೆ ನಾನು ಕೊಡುವ ಪುಸ್ತಕ ಅದು. ಮನೆಯವರ ಕಾಯಿಲೆ, ಜಗಳ, ಅವಮಾನವನ್ನು ಬರೆಯುವ ಮೊದಲು ಇದನ್ನು ಅಪರಿಚಿತರು ಓದಬಹುದೇ ಎಂದು ಅವರನ್ನೇ ಕೇಳಬೇಕು. ಬೇಡವೆಂದರೆ ಬಿಡಬೇಕು. ಯಾವ ಕಾಲೇಜಿನ ಸೀಟೂ ಅಮ್ಮನ ಮಾನಕ್ಕಿಂತ ದೊಡ್ಡದಲ್ಲ.

ಎರವಲು ತಂದ ಕತೆಯ ಗತಿ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನಲ್ಲಿ ನಡೆದ ಒಂದು ಸಂಗತಿ ಇದೆ. 2007ರಲ್ಲಿ ಯುಕಾಸ್ ಸಂಸ್ಥೆ ಸುಮಾರು 50,000 ಅರ್ಜಿ ಬರಹಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿ ನೋಡಿಸಿತು. ಎಂಟನೇ ವಯಸ್ಸಿನಲ್ಲಿ ರಸಾಯನ ಪ್ರಯೋಗ ಮಾಡಲು ಹೋಗಿ ಪೈಜಾಮ ಸುಟ್ಟು ತೂತಾಯಿತು, ಅಂದಿನಿಂದ ವಿಜ್ಞಾನದ ಗೀಳು ಹಿಡಿಯಿತು ಎಂಬ ಪ್ರಸಂಗ 234 ಮಂದಿಯ ಬದುಕಿನಲ್ಲಿ ನಡೆದಿತ್ತು. ಎಲ್ಲೋ ಒಂದು ಕಡೆ ಮಾದರಿಯಾಗಿ ಸಿಕ್ಕಿದ್ದನ್ನು ಅವರೆಲ್ಲ ನಕಲು ಮಾಡಿದ್ದರು. ಆ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಆದ ಎಂಟನೇ ವಯಸ್ಸು ಇದ್ದೇ ಇತ್ತು. ಅದು ಸಾಲದು ಎಂದು ಅವರಿಗೆ ಅನ್ನಿಸಿದ್ದು ನನ್ನನ್ನು ಬಹಳ ಕಾಡುತ್ತದೆ.

ಈಗ ನಕಲು ಮಾಡುವ ಅಗತ್ಯವೂ ಉಳಿದಿಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಹೇಳಿದ ವಿಷಯದ ಮೇಲೆ ಹೇಳಿದಷ್ಟು ಪದಗಳಲ್ಲಿ ಪ್ರಬಂಧ ಕ್ಷಣಾರ್ಧದಲ್ಲಿ ಕೈಗೆ ಬರುತ್ತದೆ. ಅದನ್ನು ತನ್ನ ಬರಹವೆಂದು ಸಲ್ಲಿಸುವುದು ವಂಚನೆ ಎಂದು ಕಾಮನ್ ಆ್ಯಪ್ ತನ್ನ ನಿಯಮದಲ್ಲಿ ಸೇರಿಸಿದೆ. ನಿಯಮದ ಮಾತು ಹಾಗಿರಲಿ. ಯಂತ್ರಕ್ಕೆ ಆ ಹುಡುಗಿ ‘ನಾನು ಶಿರಸಿಯವಳು, ಅಡಿಕೆ ತೋಟ, ರಸಾಯನಶಾಸ್ತ್ರ’ ಎಂದು ಕೊಟ್ಟರೆ ಅದು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಆ ಮೊದಲ ಕರಡನ್ನೇ ಬರೆದುಕೊಡುತ್ತದೆ. ಕತ್ತಿ ಅದಕ್ಕೆ ಗೊತ್ತಿಲ್ಲ, ಅವಳು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಕತ್ತಿಯ ಸಂಗತಿ ಬರೆಯಲು ಯೋಗ್ಯವೆಂದು ಅವಳಿಗೆ ಹೊಳೆದ ಮೇಲೆ, ಕೆಲಸದ ಬಹುಪಾಲು ಅವಳೇ ಮಾಡಿ ಮುಗಿಸಿದಂತಾಯಿತು.

ಯಂತ್ರಕ್ಕಿಂತ ಮುಂಚಿನಿಂದಲೂ ಇರುವ ತೊಂದರೆ ಹಣದ್ದು. ಪ್ರಬಂಧ ತಿದ್ದಿಕೊಡುವ, ಹಲವು ಸಲ ತಾವೇ ಬರೆದುಕೊಡುವ ಕನ್ಸಲ್ಟೆನ್ಸಿಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಅಲ್ಲಿಂದ ಹೊರಬಂದ ಬರಹ ನುಣುಪಾಗಿರುತ್ತದೆ, ಒಂದರಂತೆ ಇನ್ನೊಂದಿರುತ್ತದೆ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದ 60,000 ಅರ್ಜಿಗಳ ಪ್ರಬಂಧಗಳನ್ನು ವಿಶ್ಲೇಷಿಸಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕಗಳಿಗೂ ಕುಟುಂಬದ ಆದಾಯಕ್ಕೂ ಇರುವ ನಂಟಿಗಿಂತ ಪ್ರಬಂಧದ ವಸ್ತು ಮತ್ತು ಆದಾಯದ ನಂಟು ಹೆಚ್ಚು ಬಿಗಿಯಾಗಿದೆ ಎಂದು ಅವರು ಕಂಡರು. ಪರೀಕ್ಷೆ ಶ್ರೀಮಂತರ ಪರ, ಪ್ರಬಂಧ ಎಲ್ಲರಿಗೂ ಸಮಾನ ಎಂದು ನಂಬಿದವರಿಗೆ ಇದು ದೊಡ್ಡ ಪೆಟ್ಟು. ನಮ್ಮ ಸರ್ಕಾರಿ ಪದವಿಪೂರ್ವ ಕಾಲೇಜಿನ ಮಗು ಇದನ್ನು ತಿಳಿದಿರಬೇಕು, ತಿಳಿದು ಹೆದರಬಾರದು. ಸ್ವಿಟ್ಜರ್ಲೆಂಡಿನ ಬೇಸಿಗೆ ಶಿಬಿರದ ಬಗ್ಗೆ ಬರೆಯಲು ಅದಕ್ಕೆ ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ದಿನವೂ ಬಸ್ಸಿನಲ್ಲಿ ಹೋಗಿಬರುವ ದಾರಿ, ಅಕ್ಕನ ಹೊಲಿಗೆ ಯಂತ್ರ, ಸಂತೆಯ ತೂಕ, ಕೆರೆಯ ಕೋಡಿ ಇವುಗಳನ್ನು ಗಮನವಿಟ್ಟು ನೋಡಿದವರಿಗೆ ವಸ್ತುವಿನ ಬರವಿಲ್ಲ.

ಬರೆಯುವ ಬಗೆಯ ಬಗ್ಗೆ ನನ್ನದೊಂದು ಗಟ್ಟಿ ಸಲಹೆ ಇದೆ: ಮೊದಲ ಕರಡು ಕನ್ನಡದಲ್ಲಿರಲಿ. ಉರ್ದು, ತುಳು, ಕೊಂಕಣಿ, ಲಂಬಾಣಿ ಮನೆಮಾತಿನವರು ಅದರಲ್ಲೇ ಬರೆಯಲಿ. ಇಂಗ್ಲಿಷಿನಲ್ಲಿ ನೇರವಾಗಿ ಶುರುಮಾಡಿದ ಕೂಡಲೇ ನಮ್ಮ ಮಕ್ಕಳ ಕೈಗೆ ಮೊದಲು ಸಿಗುವುದು ಎಲ್ಲೋ ಓದಿದ ವಾಕ್ಯಗಳು. ಆ ವಾಕ್ಯಗಳ ಜೊತೆ ಯಾರದೋ ಭಾವನೆಗಳೂ ಬಂದುಬಿಡುತ್ತವೆ. ಅಪ್ಪ ‘ಸುಣ್ಣ ಸಾಲ್ದು’ ಎಂದದ್ದು ಮನೆಮಾತಿನಲ್ಲಿ, ನೆನಪು ಇರುವುದೂ ಅದರಲ್ಲೇ. ಅದರಲ್ಲಿ ಬರೆದರೆ ವಿವರಗಳು ತಾವಾಗಿ ಬರುತ್ತವೆ. ಎಲ್ಲ ಬಂದ ಮೇಲೆ ಇಂಗ್ಲಿಷಿಗೆ ಕೂರಬಹುದು. ಆ ಇಂಗ್ಲಿಷ್ ಸರಳವಾಗಿದ್ದರೆ ಸಾಕು, ನಿಘಂಟಿನಿಂದ ದೊಡ್ಡ ಪದ ಹೆಕ್ಕಬೇಕಾಗಿಲ್ಲ. ವ್ಯಾಕರಣವನ್ನು ಯಾರಾದರೂ ನೋಡಿಕೊಟ್ಟರೆ ತಪ್ಪಿಲ್ಲ, ವಾಕ್ಯವನ್ನು ಬದಲಿಸಲು ಬಿಡಬೇಡಿ. ಇನ್ನೊಂದು ಮಾತು. ಕೊನೆಯ ಪ್ಯಾರಾದಲ್ಲಿ ‘ಈ ಅನುಭವದಿಂದ ನಾನು ಕಲಿತ ಪಾಠವೇನೆಂದರೆ’ ಎಂದು ಬರೆಯಲು ಕೈ ತುರಿಸುತ್ತದೆ. ಶಾಲೆಯ ಉಪಸಂಹಾರದ ಅಭ್ಯಾಸ ಅದು. ಅದನ್ನು ಹೊಡೆದುಹಾಕಿ ಓದಿ ನೋಡಿ, ಬಹಳ ಸಲ ಅದರ ಹಿಂದಿನ ಪ್ಯಾರಾದಲ್ಲೇ ಬರಹ ಮುಗಿದಿರುತ್ತದೆ.

ಸಮಯದ ಬಗ್ಗೆಯೂ ಹೇಳಬೇಕು. ಅಮೆರಿಕದ ಬಹುತೇಕ ಕಾಲೇಜುಗಳ ಸಾಮಾನ್ಯ ಗಡುವು ಜನವರಿಯ ಆರಂಭದಲ್ಲಿ ಬರುತ್ತದೆ, ಬೇಗ ಹಾಕುವವರಿಗೆ ನವೆಂಬರಿನಲ್ಲೇ. ನಮ್ಮ ದ್ವಿತೀಯ ಪಿಯುಸಿಯ ಪಾಠ, ಟ್ಯೂಷನ್, ಸಿಇಟಿ ತಯಾರಿ ಎಲ್ಲ ಮೈಮೇಲೆ ಬಿದ್ದಿರುವ ಕಾಲ ಅದು. ಹಾಗಾಗಿ ಪ್ರಥಮ ಪಿಯುಸಿಯ ಬೇಸಿಗೆ ರಜೆಯಲ್ಲೇ ಕರಡು ಆಗಿರಬೇಕು. ಹೆತ್ತವರಲ್ಲಿ ನನ್ನ ಕೋರಿಕೆ: ಮಗುವಿನ ಪ್ರಬಂಧವನ್ನು ಒಂದು ಸಲ ಓದಿ, ನಿಜವೇ ಎಂದು ಮಾತ್ರ ಕೇಳಿ. ಅಣ್ಣನ ಗೆಳೆಯ ಹೀಗೆ ಬರೆದಿದ್ದ, ಚಿಕ್ಕಪ್ಪನ ಮಗಳು ಹಾಗೆ ಬರೆದಿದ್ದಳು ಎಂದು ಹೇಳಬೇಡಿ.

ಇಷ್ಟೆಲ್ಲ ಮಾಡಿಯೂ ಸೀಟು ಸಿಗದೇ ಹೋಗಬಹುದು. ಹೆಸರಾಂತ ಕಾಲೇಜುಗಳು ಬಂದ ಅರ್ಜಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ತಿರಸ್ಕರಿಸುತ್ತವೆ, ವಿದ್ಯಾರ್ಥಿವೇತನ ಬೇಕೆಂದ ಹೊರದೇಶದವರಿಗೆ ಬಾಗಿಲು ಇನ್ನೂ ಕಿರಿದು. ಆ ತಿರಸ್ಕಾರವನ್ನು ತನ್ನ ಬದುಕಿಗೆ ಬಂದ ಅಂಕವೆಂದು ಯಾವ ಮಗುವೂ ತಿಳಿಯಬಾರದು. ಒಳ್ಳೆಯ ಪ್ರಬಂಧ ಬರೆದವಳಿಗೆ ತನ್ನ ಅಪ್ಪ ಏನು ಮಾಡುತ್ತಿದ್ದನೆಂದು ಅರ್ಥವಾಗಿರುತ್ತದೆ, ತಾನು ಏನು ಓದಬೇಕೆಂದು ಸ್ಪಷ್ಟವಾಗಿರುತ್ತದೆ. ಧಾರವಾಡದಲ್ಲಿ ಓದಿದರೂ ಆ ಸ್ಪಷ್ಟತೆ ಅವಳ ಜೊತೆಗಿರುತ್ತದೆ.   

ಕೊನೆಯದಾಗಿ, ಇಲ್ಲಿ ಕೂತಿರುವ ಪದವಿಪೂರ್ವ ಮತ್ತು ಪದವಿ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ವಿನಂತಿ. ವಾರಕ್ಕೊಂದು ಪೀರಿಯಡ್ ಬಿಡುವು ಮಾಡಿಕೊಳ್ಳಿ. ಮಕ್ಕಳಿಗೆ ‘ನಾನು’ ಎಂದು ಶುರುಮಾಡಿ ಒಂದು ಪುಟ ಬರೆಯಲು ಹೇಳಿ. ಪೀಠಿಕೆ ಬೇಡ, ಉಪಸಂಹಾರ ಬೇಡ, ಅಂಕ ಬೇಡ. ತಾವು ಕಣ್ಣಾರೆ ಕಂಡ ಒಂದು ಕೆಲಸವನ್ನು, ಅದು ಹೇಗೆ ನಡೆಯುತ್ತದೆ ಎಂಬುದನ್ನು ಬರೆಯಲಿ. ವಿದೇಶಕ್ಕೆ ಹೋಗುವವರು ತರಗತಿಯಲ್ಲಿ ಒಬ್ಬಿಬ್ಬರು ಇರಬಹುದು, ಬರೆಯಬೇಕಾದವರು ಎಲ್ಲರೂ. ಇದಕ್ಕೆ ಇಲಾಖೆಯ ಸುತ್ತೋಲೆ ಬೇಕಾಗಿಲ್ಲ, ಅನುದಾನ ಬೇಕಾಗಿಲ್ಲ. ಬರುವ ಸೋಮವಾರವೇ ಶುರುಮಾಡಬಹುದು. ದಯವಿಟ್ಟು ಶುರುಮಾಡಿ.